ಎಣ್ಣೆ ಪೊಟ್ಟಣದಿಂದ ಕಾಫಿ ತೋಟದವರೆಗೆ: ಸೋಯಾ ಕುರಿತು ಕೊಡಗಿನ ಓದುಗರ ಪ್ರಶ್ನೆಗಳು

ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನಿನಿಂದ ಕಾಫಿ ಬೆಳೆಗಾರರಿಗೆ ಏನೇನು ಹೊಣೆ ಬರಲಿದೆ ಎಂಬುದನ್ನು ಕಳೆದ ಸಂಚಿಕೆಯ ಅಂಕಣದಲ್ಲಿ ವಿವರಿಸುವಾಗ, ಆ ಕಾನೂನು ಅನ್ವಯವಾಗುವ ಸರಕುಗಳ ಪಟ್ಟಿಯಲ್ಲಿ ಸೋಯಾ ಅವರೆಯೂ ಇದೆ ಎಂದು ಒಂದು ಸಾಲು ಬರೆದಿದ್ದೆವು. ಆ ಒಂದು ಸಾಲನ್ನು ಹಿಡಿದೇ ಜಿಲ್ಲೆಯ ಓದುಗರು ಹೆಚ್ಚು ಪತ್ರ ಬರೆದಿದ್ದಾರೆ. ಕೊಡಗಿನಲ್ಲಿ ಸೋಯಾ ಬೆಳೆಯುವವರು ಇಲ್ಲವೆನ್ನುವಷ್ಟು ಕಡಿಮೆ. ಸೋಯಾ ಯಾವುದಾದರೊಂದು ರೂಪದಲ್ಲಿ ಒಳಗೆ ಬಾರದ ಮನೆಯೂ ಅಷ್ಟೇ ಕಡಿಮೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಸೋಯಾ ಎಣ್ಣೆಯನ್ನೇ ಬಳಸುತ್ತಿದ್ದೇವೆ. ಸೋಯಾ ಬೆಳೆಗಾಗಿ ಅಮೆಜಾನ್ ಕಾಡನ್ನು ಕಡಿಯುತ್ತಾರೆಂದು ಮಗ ಶಾಲೆಯಲ್ಲಿ ಕೇಳಿ ಬಂದು, ಇನ್ನು ಈ ಎಣ್ಣೆ ತರಬೇಡಿ ಎಂದು ಹಟ ಹಿಡಿದಿದ್ದಾನೆ. ನಾವು ಕೊಳ್ಳುವ ಎಣ್ಣೆ ಅಲ್ಲಿಂದಲೇ ಬರುತ್ತದೆಯೆ? ಬೇರೆ ಯಾವ ಎಣ್ಣೆಗೆ ಬದಲಾಯಿಸಿದರೆ ಒಳ್ಳೆಯದು?
— ಗೃಹಿಣಿಯೊಬ್ಬರು, ಕುಶಾಲನಗರ

ಉತ್ತರ: ನಿಮ್ಮ ಮಗನ ಪ್ರಶ್ನೆ ಸರಿಯಾಗಿದೆ, ಆದರೆ ಅದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ನಿಮ್ಮ ಅಡುಗೆಮನೆಯ ಪೊಟ್ಟಣವೇ ಬಿಡುವುದಿಲ್ಲ. ಪೊಟ್ಟಣದ ಹಿಂಬದಿಯನ್ನು ಓದಿ ನೋಡಿ: ಸಂಸ್ಕರಿಸಿ ತುಂಬಿದ ಕಾರ್ಖಾನೆಯ ವಿಳಾಸ, ಸೇರಿಸಿದ ವಿಟಮಿನ್‌ಗಳು, ಬಳಕೆಗೆ ಯೋಗ್ಯವಾದ ಅವಧಿ, ಎಲ್ಲವೂ ಇರುತ್ತದೆ; ಕಾಳು ಯಾವ ನೆಲದಲ್ಲಿ ಬೆಳೆಯಿತು ಎಂಬುದನ್ನು ಅದರಿಂದ ತಿಳಿಯಲಾಗುವುದಿಲ್ಲ. ಭಾರತವು ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸೋಯಾ ಎಣ್ಣೆಯ ಆಮದೇ ವರ್ಷಕ್ಕೆ 30 ಲಕ್ಷ ಟನ್ನಿನಿಂದ 50 ಲಕ್ಷ ಟನ್ನಿಗೂ ಮೇಲೆ ಏರಿಳಿಯುತ್ತಿದ್ದು, ಅದರ ಬಹುಪಾಲು ಅರ್ಜೆಂಟೀನಾ ಮತ್ತು ಬ್ರೆಜಿಲ್‌ಗಳಿಂದ ಬರುತ್ತದೆ. ದೇಶದೊಳಗೆ ಮಧ್ಯಪ್ರದೇಶ, ಮಹಾರಾಷ್ಟ್ರ, ರಾಜಸ್ಥಾನಗಳ ಕಾಳಿನಿಂದ ತೆಗೆಯುವ ಎಣ್ಣೆ ಇದಕ್ಕಿಂತ ಕಡಿಮೆ. ಹಾಗಾಗಿ ನಿಮ್ಮ ಬಾಣಲೆಗೆ ಬಿದ್ದ ಎಣ್ಣೆಯಲ್ಲಿ ದಕ್ಷಿಣ ಅಮೆರಿಕದ ಪಾಲು ಇರುವ ಸಾಧ್ಯತೆ ಇಲ್ಲದಿರುವ ಸಾಧ್ಯತೆಗಿಂತ ಹೆಚ್ಚು.

ಆದರೆ ದಕ್ಷಿಣ ಅಮೆರಿಕ ಎಂದೊಡನೆ ಅಮೆಜಾನ್ ಎಂದು ತಿಳಿಯಬಾರದು. ಅರ್ಜೆಂಟೀನಾದ ಸೋಯಾ ಹೆಚ್ಚಾಗಿ ಬೆಳೆಯುವುದು ಪಾಂಪಾಸ್ ಎಂಬ ಹುಲ್ಲು ಬಯಲಿನಲ್ಲಿ. ಅದು ಬಹಳ ಹಿಂದೆಯೇ ಉಳುಮೆಗೆ ಬಂದ ನೆಲ. ಅಲ್ಲಿನ ಕಾಳು ಪರಾನಾ ನದಿಯ ದಂಡೆಯಲ್ಲಿ, ರೊಸಾರಿಯೊ ನಗರದ ಸುತ್ತ ಸಾಲಾಗಿ ನಿಂತಿರುವ ಕಾರ್ಖಾನೆಗಳಲ್ಲಿ ಎಣ್ಣೆಯಾಗಿ, ಅಲ್ಲಿಂದ ಹಡಗು ಹತ್ತುತ್ತದೆ. ಇಷ್ಟರಲ್ಲಿ ದೋಷವಿಲ್ಲ. ತೊಂದರೆ ಇರುವುದು ಅದೇ ದೇಶದ ಉತ್ತರ ಭಾಗದ ಚಾಕೋ ಎಂಬ ಒಣ ಕಾಡಿನಲ್ಲಿ. ಅರ್ಜೆಂಟೀನಾ, ಪರಾಗ್ವೆ, ಬೊಲಿವಿಯಾಗಳಲ್ಲಿ ಹರಡಿರುವ ಈ ಕಾಡು ದನದ ಹುಲ್ಲುಗಾವಲಿಗೂ ಸೋಯಾಕ್ಕೂ ಬಲಿಯಾಗುತ್ತ ಬಂದಿದ್ದು, 2007ರಲ್ಲಿ ಅರ್ಜೆಂಟೀನಾ ತನ್ನ ಕಾಡಿನ ರಕ್ಷಣೆಗೆ ಪ್ರತ್ಯೇಕ ಕಾನೂನು ಮಾಡಿದ ಮೇಲೂ ಕಡಿತ ನಿಂತಿಲ್ಲ. ಬ್ರೆಜಿಲ್‌ನಲ್ಲಿ ಅಮೆಜಾನಿಗಿಂತ ಹೆಚ್ಚು ಸೋಯಾ ಬೆಳೆಯುವುದು ಸೆರಾಡೊ ಎಂಬ ಮರ ಹುಲ್ಲು ಬೆರೆತ ವಿಶಾಲ ಪ್ರಸ್ಥಭೂಮಿಯಲ್ಲಿ. ಸುಮಾರು 20 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಈ ಸೀಮೆಯ ಸಹಜ ಸಸ್ಯರಾಶಿಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಈಗಾಗಲೇ ಇಲ್ಲವಾಗಿದೆ. ಕುಳ್ಳು ಮರಗಳೂ ಒಣ ಹುಲ್ಲೂ ಕಾಣುವ ಈ ನೆಲವನ್ನು ನೋಡಿದವರು ಇದನ್ನು ಕಾಡೆಂದು ಒಪ್ಪುವುದೇ ಕಷ್ಟ. ಆದರೆ ಅಲ್ಲಿನ ಗಿಡಮರಗಳು ನೆಲದ ಮೇಲಿರುವುದಕ್ಕಿಂತ ಹೆಚ್ಚು ನೆಲದ ಕೆಳಗೆ ಬೇರಾಗಿ ಇಳಿದು ನೀರನ್ನೂ ಇಂಗಾಲವನ್ನೂ ಹಿಡಿದಿಟ್ಟಿರುತ್ತವೆ. ಸಾವೊ ಫ್ರಾನ್ಸಿಸ್ಕೊ ಮತ್ತು ಟೊಕಾಂಟಿನ್ಸ್ ನದಿಗಳ ಮೂಲವೂ ಇದೇ ಸೀಮೆ. ಕಾವೇರಿಯ ತವರಿನಲ್ಲಿ ವಾಸಿಸುವ ನಮಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಸೋಯಾ ಎಣ್ಣೆ ಬಿಟ್ಟು ತಾಳೆ ಎಣ್ಣೆಗೆ ಹೋದರೆ ಕಾಡಿಗೆ ಉಪಕಾರವಾಗುವುದೇ? ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಲ್ಲಿ ತಾಳೆ ತೋಟಗಳಿಗಾಗಿ ಮಳೆಕಾಡನ್ನೂ ಜೌಗು ಕಾಡನ್ನೂ ಕಡಿದ ಇತಿಹಾಸ ಸೋಯಾಕ್ಕಿಂತ ಹಗುರವಾದುದಲ್ಲ. ಆದರೂ ಒಂದು ಲೆಕ್ಕ ನೆನಪಿರಲಿ: ತಾಳೆ ಒಂದು ಹೆಕ್ಟೇರಿಗೆ ಮೂರು ಟನ್ನಿಗಿಂತ ಹೆಚ್ಚು ಎಣ್ಣೆ ಕೊಡಬಲ್ಲದು, ಸೋಯಾ ಬ್ರೆಜಿಲ್‌ನ ಇಳುವರಿಯಲ್ಲೂ ಮುಕ್ಕಾಲು ಟನ್ನಿಗಿಂತ ಕಡಿಮೆಯೇ ಕೊಡುತ್ತದೆ, ನಮ್ಮ ದೇಶದ ಇಳುವರಿ ಹೆಕ್ಟೇರಿಗೆ ಸುಮಾರು ಒಂದು ಟನ್ ಕಾಳು ಆಗಿರುವುದರಿಂದ ಎಣ್ಣೆ 200 ಕೆ.ಜಿ.ಯನ್ನೂ ಮುಟ್ಟುವುದಿಲ್ಲ. ಜಗತ್ತೆಲ್ಲ ತಾಳೆ ಬಿಟ್ಟು ಸೋಯಾ ಎಣ್ಣೆಗೆ ಬಂದರೆ ಬೇಕಾಗುವ ನೆಲ ಹಲವು ಪಟ್ಟು ಬೆಳೆಯುತ್ತದೆ. ಎಣ್ಣೆ ಬದಲಾಯಿಸುವುದಕ್ಕಿಂತ ಬಳಸುವ ಪ್ರಮಾಣವನ್ನು ತಗ್ಗಿಸುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ವೈದ್ಯರು ಬೇರೆ ಕಾರಣಕ್ಕೆ ಹೇಳುವುದೂ ಅದನ್ನೇ. ಗಾಣದ ತೆಂಗಿನೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಹತ್ತಿರದಲ್ಲಿ ಸಿಗುವುದಾದರೆ, ಕಾಯಿ ಯಾವ ಊರಿನದೆಂದು ಗಾಣದವರನ್ನು ಕೇಳಿ ತಿಳಿಯುವ ಅನುಕೂಲವಾದರೂ ಇದೆ. ಬೆಲೆ ಹೆಚ್ಚು ಎಂಬುದು ನಿಜ, ಅದನ್ನು ಮುಚ್ಚಿಡುವುದಿಲ್ಲ.

ಪ್ರಶ್ನೆ: ಹಾಗಾದರೆ ಮಕ್ಕಳಿಗೆ ಪಲ್ಯ ಮಾಡಿಕೊಡುವ ಮೀಲ್ ಮೇಕರ್ ಅನ್ನೂ ಬಿಡಬೇಕೆ?
— ಓದುಗರು, ಮಡಿಕೇರಿ

ಉತ್ತರ: ಬೇಡ. ಮೀಲ್ ಮೇಕರ್ ಎಂದರೆ ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ ಉಂಡೆ. ಅದರ ಒಣ ತೂಕದಲ್ಲಿ ಅರ್ಧದಷ್ಟು ಪ್ರೋಟೀನ್ ಇರುತ್ತದೆ. ಜಗತ್ತಿನ ಒಟ್ಟು ಸೋಯಾದಲ್ಲಿ ಮನುಷ್ಯರು ನೇರವಾಗಿ ಕಾಳು, ಹಾಲು, ತೋಫು ಮುಂತಾದ ರೂಪದಲ್ಲಿ ತಿನ್ನುವುದು ನೂರಕ್ಕೆ ಏಳರಷ್ಟು ಮಾತ್ರ. ಕಾಡಿನ ಮೇಲಿನ ಒತ್ತಡ ಬರುತ್ತಿರುವುದು ಆ ಏಳರಿಂದಲ್ಲ. ಎಲ್ಲಿಂದ ಎಂಬುದಕ್ಕೆ ಮುಂದಿನ ಪತ್ರ ನೋಡಿ.

ಪ್ರಶ್ನೆ: ನಾನು ಸಣ್ಣ ಪ್ರಮಾಣದಲ್ಲಿ ಬ್ರಾಯ್ಲರ್ ಕೋಳಿ ಸಾಕುತ್ತೇನೆ, ಮನೆಯ ಹಿಂದೆ ನಾಲ್ಕಾರು ಹಂದಿಗಳೂ ಇವೆ. ಕೋಳಿಗೆ ಕಂಪನಿಯ ಫೀಡ್ ಹಾಕುತ್ತೇವೆ. ಮಾಂಸ ತಿನ್ನುವವರಿಂದಲೇ ಸೋಯಾ ಸಮಸ್ಯೆ ಎಂದು ಎಲ್ಲೋ ಓದಿದೆ. ಕೊಡಗಿನವರನ್ನು ಹಂದಿ ಕೋಳಿ ಬಿಡಿ ಎಂದರೆ ಆದೀತೆ? ನಮ್ಮ ಫೀಡಿನಲ್ಲಿರುವ ಸೋಯಾ ಯಾವ ಕಾಡನ್ನು ಕಡಿದಿದೆ, ದಯವಿಟ್ಟು ತಿಳಿಸಿ.
— ಸಾಕಣೆದಾರರು, ಸಿದ್ದಾಪುರ

ಉತ್ತರ: ನಿಮ್ಮ ಪತ್ರದಲ್ಲಿ ಸ್ವಲ್ಪ ಸಿಟ್ಟಿದೆ, ಅದಕ್ಕೆ ಕಾರಣವೂ ಇದೆ. ಮೊದಲು ಜಗತ್ತಿನ ಲೆಕ್ಕ ಹೇಳಿ, ಅನಂತರ ನಿಮ್ಮ ಕೋಳಿಮನೆಯ ಲೆಕ್ಕಕ್ಕೆ ಬರುತ್ತೇವೆ.

ಸೋಯಾ ಕಾಳನ್ನು ಕಾರ್ಖಾನೆಯಲ್ಲಿ ಒಡೆದು ಎಣ್ಣೆ ತೆಗೆದಾಗ ನೂರು ಕೆ.ಜಿ. ಕಾಳಿಗೆ 18ರಿಂದ 20 ಕೆ.ಜಿ. ಎಣ್ಣೆ ಬರುತ್ತದೆ, ಉಳಿಯುವ ಸುಮಾರು 80 ಕೆ.ಜಿ. ಹಿಂಡಿ. ಫೀಡ್ ವ್ಯಾಪಾರದವರು ಇದನ್ನೇ ಡಿಒಸಿ ಎನ್ನುತ್ತಾರೆ. ಹೆಸರಿಗೆ ಎಣ್ಣೆಕಾಳಾದರೂ ಈ ವ್ಯಾಪಾರವನ್ನು ಎಳೆದುಕೊಂಡು ಹೋಗುವುದು ಹಿಂಡಿಯೇ. ಜಗತ್ತಿನ ಸೋಯಾದಲ್ಲಿ ಮುಕ್ಕಾಲು ಪಾಲು ಕೊನೆಗೆ ಕೋಳಿ, ಹಂದಿ, ಮೀನು, ದನಗಳ ಹೊಟ್ಟೆ ಸೇರುತ್ತದೆ. ದೇಶದಿಂದ ದೇಶಕ್ಕೆ ಮಾರಾಟವಾಗುವ ಸೋಯಾ ಕಾಳಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಚೀನಾ ಒಂದೇ ಕೊಳ್ಳುವುದೂ ತನ್ನ ಹಂದಿ ಕೋಳಿಗಳಿಗಾಗಿಯೇ. ಆದ್ದರಿಂದ ಮಾಂಸಕ್ಕೂ ಸೋಯಾಕ್ಕೂ ಇರುವ ಸಂಬಂಧ ನೀವು ಓದಿದಂತೆ ನಿಜವಾದದ್ದೇ.

ಈಗ ನಿಮ್ಮ ಕೋಳಿ. ಬ್ರಾಯ್ಲರ್ ಒಂದು ಕೆ.ಜಿ. ತೂಕ ಕಟ್ಟಿಕೊಳ್ಳಲು ಸಾಮಾನ್ಯವಾಗಿ 1.6ರಿಂದ 1.8 ಕೆ.ಜಿ. ಫೀಡ್ ತಿನ್ನುತ್ತದೆ ಎಂಬುದು ನಿಮಗೇ ಗೊತ್ತಿದೆ. ಫೀಡಿನಲ್ಲಿ ಅರ್ಧಕ್ಕೂ ಮಿಕ್ಕಿ ಮೆಕ್ಕೆಜೋಳ, ಕಾಲುಭಾಗಕ್ಕಿಂತ ತುಸು ಹೆಚ್ಚು ಸೋಯಾ ಹಿಂಡಿ. ಹೀಗೆ ಲೆಕ್ಕ ಹಾಕಿದರೆ ಎರಡು ಕೆ.ಜಿ. ತೂಗುವ ಕೋಳಿಯೊಂದು ಮಾರಾಟಕ್ಕೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಸೋಯಾ ಹಿಂಡಿ ತಿಂದಿರುತ್ತದೆ. ಒಂದು ಕೆ.ಜಿ. ಹಿಂಡಿಗೆ ಒಂದೂಕಾಲು ಕೆ.ಜಿ. ಕಾಳು ಬೇಕು. ನಮ್ಮ ದೇಶದ ಇಳುವರಿಯಲ್ಲಿ ಅಷ್ಟು ಕಾಳು ಬೆಳೆಯಲು ಹನ್ನೆರಡು ಹದಿಮೂರು ಚದರ ಮೀಟರ್ ಹೊಲ ಬೇಕಾಗುತ್ತದೆ. ಅಂದರೆ ಪ್ರತಿಯೊಂದು ಕೋಳಿಯ ಹಿಂದೆಯೂ ಒಂದು ಸಣ್ಣ ಕೋಣೆಯಷ್ಟು ಸೋಯಾ ಹೊಲ ಇದೆ, ಮೆಕ್ಕೆಜೋಳದ ಹೊಲ ಬೇರೆ.

ಆದರೆ ಆ ಹೊಲ ಅಮೆಜಾನಿನಲ್ಲಿಲ್ಲ. ಎಣ್ಣೆಯ ಕಥೆಗೂ ಹಿಂಡಿಯ ಕಥೆಗೂ ಇರುವ ವ್ಯತ್ಯಾಸ ಇದೇ. ಎಣ್ಣೆಯನ್ನು ನಾವು ಆಮದು ಮಾಡಿಕೊಳ್ಳುತ್ತೇವೆ. ಹಿಂಡಿಯಲ್ಲಿ ಭಾರತ ಬಹುಮಟ್ಟಿಗೆ ಸ್ವಾವಲಂಬಿ, ಕೆಲವು ವರ್ಷ ರಫ್ತನ್ನೂ ಮಾಡುತ್ತದೆ. ಇದಕ್ಕೆ ಅಪವಾದವಾದದ್ದು 2021. ಆ ವರ್ಷ ಹಿಂಡಿಯ ಬೆಲೆ ಕೋಳಿ ಸಾಕುವವರ ಕೈಗೆಟುಕದಷ್ಟು ಏರಿದಾಗ, ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವು ಕುಲಾಂತರಿ ಸೋಯಾದ ಹಿಂಡಿಯನ್ನು 12 ಲಕ್ಷ ಟನ್‌ವರೆಗೆ ತರಿಸಿಕೊಳ್ಳಲು ಮೊದಲ ಬಾರಿಗೆ ಅನುಮತಿ ಕೊಟ್ಟಿತು. ನಮ್ಮಲ್ಲಿ ಬೆಳೆಯುವ ಸೋಯಾ ಕುಲಾಂತರಿಯಲ್ಲ. ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾಗಳದು ಬಹುತೇಕ ಕುಲಾಂತರಿ.

ಹಾಗೆಂದು ದೇಶದೊಳಗಿನ ಸೋಯಾಕ್ಕೆ ಪರಿಸರದ ಬೆಲೆಯೇ ಇಲ್ಲವೆಂದಲ್ಲ. ಆ ಬೆಲೆಯ ಸ್ವರೂಪ ಬೇರೆ. ಮಧ್ಯಪ್ರದೇಶದ ಮಾಳವ ಪ್ರಾಂತ್ಯದಲ್ಲಿ ಮಳೆಗಾಲದಲ್ಲಿ ಖಾಲಿ ಬಿಡುತ್ತಿದ್ದ ಕಪ್ಪು ಮಣ್ಣಿನ ಹೊಲಗಳಿಗೆ 1970ರ ದಶಕದಿಂದ ಸೋಯಾ ಬಂತು; ಅನಂತರ ಅದು ಜೋಳ, ಹತ್ತಿ, ದ್ವಿದಳ ಧಾನ್ಯಗಳ ಜಾಗಕ್ಕೂ ಕೈ ಹಾಕಿತು. ನಮ್ಮ ರಾಜ್ಯದ ಬೀದರ್ ಜಿಲ್ಲೆಯಲ್ಲಿ ಉದ್ದು ಮತ್ತು ಹೆಸರು ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಮುಂಗಾರಿಗೆ ಸೋಯಾ ಅವರೆಯೇ ಮುಖ್ಯ ಬೆಳೆ. ಬೆಲೆ ಸಿಗುವ ಬೆಳೆಯನ್ನು ರೈತ ಬೆಳೆಯುತ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಜೋಳ ಹೋದ ಕಡೆ ಅದರ ದಂಟೂ ಹೋಯಿತು, ಸೋಯಾ ಹೊಟ್ಟನ್ನು ದನಗಳು ಅಷ್ಟು ಇಷ್ಟಪಡುವುದಿಲ್ಲ, ಮೇವಿಲ್ಲದ ಕಡೆ ದನ ಉಳಿಯುವುದಿಲ್ಲ, ದನವಿಲ್ಲದ ಹೊಲಕ್ಕೆ ಕೊಟ್ಟಿಗೆ ಗೊಬ್ಬರವಿಲ್ಲ. ಒಂದೇ ಬೆಳೆ ನೂರಾರು ಮೈಲಿ ಹರಡಿದಾಗ ಹಳದಿ ನಂಜು ರೋಗದಂಥದ್ದು ಬಂದರೆ ಅದೂ ಹಾಗೆಯೇ ಹರಡುತ್ತದೆ.

ಹಂದಿಗಳ ವಿಷಯದಲ್ಲಿ ನೀವು ಈಗಾಗಲೇ ಒಳ್ಳೆಯ ಸ್ಥಿತಿಯಲ್ಲಿದ್ದೀರಿ. ಕೆಸು, ಬಾಳೆದಿಂಡು, ಹಲಸಿನ ಹಣ್ಣಿನ ಉಳಿಕೆ, ಅಕ್ಕಿ ತೌಡು, ಅಡುಗೆಮನೆಯಲ್ಲಿ ಉಳಿದದ್ದು ಇವುಗಳಿಂದ ಬೆಳೆದ ಹಂದಿಗೆ ಸೋಯಾ ಹೊಲದ ಹಂಗೇ ಇಲ್ಲ. ಅಂಥ ಹಂದಿಯ ಪಂದಿಕರಿಯನ್ನು ಚೀನಾದ ದೊಡ್ಡ ಸಾಕಣೆ ಕೇಂದ್ರಗಳ ಮಾಂಸದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ಹೋಟೆಲಿನ ಮುಸುರೆ ತಂದು ಹಾಕುವುದಾದರೆ ಚೆನ್ನಾಗಿ ಕುದಿಸಿಯೇ ಹಾಕಿ. ಆಫ್ರಿಕನ್ ಹಂದಿ ಜ್ವರಕ್ಕೆ ಔಷಧವಿಲ್ಲ, ಅದು ಹರಡುವ ಮುಖ್ಯ ದಾರಿಗಳಲ್ಲಿ ಬೇಯಿಸದ ಮುಸುರೆಯೂ ಒಂದು.

ಪ್ರಶ್ನೆ: ಸೋಯಾ ದ್ವಿದಳ ಧಾನ್ಯ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣನ್ನು ಫಲವತ್ತಾಗಿಸುತ್ತದೆ ಎಂದು ಪಾಠದಲ್ಲಿ ಕಲಿತಿದ್ದೇವೆ. ಹಾಗಿದ್ದ ಮೇಲೆ ಸೋಯಾ ಮಣ್ಣಿಗೆ ಹಾನಿ ಎಂದು ಹೇಳುವುದು ಸರಿಯೆ?
— ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಪಾಠ ಸರಿಯಾಗಿಯೇ ಇದೆ, ಅದರ ಮುಂದಿನ ಪುಟವನ್ನೂ ಓದಬೇಕು. ಬ್ರೆಜಿಲ್ ದೇಶವು ರಾಸಾಯನಿಕ ಸಾರಜನಕದ ಮೇಲೆ ಹಣ ಸುರಿಯದೆ ಸೋಯಾ ಬೆಳೆಯಲು ಸಾಧ್ಯವಾದದ್ದರಲ್ಲಿ ಯೋಹಾನಾ ಡೊಬೆರೈನರ್ ಎಂಬ ವಿಜ್ಞಾನಿಯ ಪಾತ್ರ ದೊಡ್ಡದು. ಬೀಜಕ್ಕೆ ಬ್ಯಾಕ್ಟೀರಿಯಾ ಲೇಪಿಸಿ ಬಿತ್ತುವ ಕ್ರಮದ ಪರವಾಗಿ ಅವರು ಪಟ್ಟು ಹಿಡಿದು ನಿಂತರು. ಆದರೆ ಸೋಯಾ ಕಾಳಿನಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ಪ್ರೋಟೀನ್ ಇದೆ, ಪ್ರೋಟೀನ್ ಎಂದ ಮೇಲೆ ಅದರಲ್ಲಿ ಸಾರಜನಕ ಇದ್ದೇ ಇರುತ್ತದೆ ತಾನೆ? ಒಂದು ಟನ್ ಕಾಳು ಹೊಲದಿಂದ ಹೊರಟಾಗ ಅದರೊಂದಿಗೆ ಸುಮಾರು 60 ಕೆ.ಜಿ. ಸಾರಜನಕವೂ ಹೊರಡುತ್ತದೆ. ಬೇರಿನ ಗಂಟುಗಳು ದುಡಿದು ತಂದದ್ದು ಇದಕ್ಕಿಂತ ಕಡಿಮೆಯಾದರೆ ಮಣ್ಣಿನ ಗಂಟು ಕರಗಿತೆಂದೇ ಅರ್ಥ. ರಂಜಕ ಮತ್ತು ಪೊಟ್ಯಾಷನ್ನಂತೂ ಗಾಳಿಯಿಂದ ಹಿಡಿಯಲಾಗದು. ಬ್ರೆಜಿಲ್ ತನಗೆ ಬೇಕಾದ ರಸಗೊಬ್ಬರದಲ್ಲಿ ಬಹುಪಾಲನ್ನು ಆಮದು ಮಾಡಿಕೊಳ್ಳುತ್ತದೆ: ರಷ್ಯಾ, ಕೆನಡಾಗಳ ಗಣಿಯ ಪೊಟ್ಯಾಷ್, ಮೊರಾಕ್ಕೊದ ರಂಜಕ. ಇವು ಸೆರಾಡೊದ ಹೊಲದಲ್ಲಿ ಕಾಳಾಗಿ, ಹಡಗೇರಿ, ಚೀನಾದ ಯಾವುದೋ ಹಂದಿ ಸಾಕಣೆ ಕೇಂದ್ರದ ಗೊಬ್ಬರದ ಗುಂಡಿಯಲ್ಲಿ ಕೊನೆಗಾಣುತ್ತವೆ. ಹೊರಟ ಕಡೆ ಕೊರತೆ, ಸೇರಿದ ಕಡೆ ನೀರು ಕೆಡುವಷ್ಟು ಅತಿಯಾಗುತ್ತದೆ.

ಇನ್ನೊಂದು ಸಂಗತಿ ನಿಮ್ಮ ಊರಿನ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ಸೆರಾಡೊದ ಮಣ್ಣು ಕೊಡಗಿನ ಮಣ್ಣಿನಂತೆ ಹುಳಿ ಮಣ್ಣು, ಅದರಲ್ಲಿ ಅಲ್ಯೂಮಿನಿಯಂ ಬೇರಿಗೆ ವಿಷವಾಗುವಷ್ಟಿದೆ. 1973ರಲ್ಲಿ ಸ್ಥಾಪನೆಯಾದ ಎಂಬ್ರಪ ಎಂಬ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆಯು ಹೆಚ್ಚು ಪ್ರಮಾಣದಲ್ಲಿ ಸುಣ್ಣ ಹಾಕಿ, ಉಷ್ಣವಲಯದ ಹಗಲಿನ ಉದ್ದಕ್ಕೆ ಹೊಂದುವ ತಳಿಗಳನ್ನು ರೂಪಿಸಿ, ಯಾರಿಗೂ ಬೇಡವಾಗಿದ್ದ ಆ ನೆಲವನ್ನು ಸೋಯಾಕ್ಕೆ ತಕ್ಕುದಾಗಿ ಮಾಡಿತು. ವಿಜ್ಞಾನದ ದೃಷ್ಟಿಯಿಂದ ಇದು ಮೆಚ್ಚಬೇಕಾದ ಸಾಧನೆ. ಬೇಸಾಯಕ್ಕೆ ಬಾರದ ನೆಲವೆಂಬುದೇ ಅಲ್ಲಿಯವರೆಗೆ ಸೆರಾಡೊದ ರಕ್ಷಣೆಯಾಗಿತ್ತು, ಆ ರಕ್ಷಣೆ ಅದೇ ಸಾಧನೆಯಿಂದ ಕಳಚಿಬಿತ್ತು.

ಕಳೆನಾಶಕದ ಬಗ್ಗೆ ಎರಡು ಮಾತು. ಗ್ಲೈಫೊಸೇಟ್ ಸಿಂಪಡಿಸಿದರೂ ಸಾಯದ ಕುಲಾಂತರಿ ಸೋಯಾ 1996ರಲ್ಲಿ ಅಮೆರಿಕ ಮತ್ತು ಅರ್ಜೆಂಟೀನಾಗಳಲ್ಲಿ ಬಿತ್ತನೆಗೆ ಬಂತು. ಉಳುಮೆಯಿಲ್ಲದೆ ಬಿತ್ತಲು ಇದರಿಂದ ಅನುಕೂಲವಾಗಿ ಮಣ್ಣಿನ ಕೊಚ್ಚಣೆ ತಗ್ಗಿತು ಎಂಬುದನ್ನು ಒಪ್ಪಬೇಕು; ಒಂದೇ ವಿಷವನ್ನು ವರ್ಷ ವರ್ಷವೂ ಸುರಿದುದರಿಂದ ಅದಕ್ಕೆ ಬಗ್ಗದ ಕಳೆಗಳು ಹುಟ್ಟಿಕೊಂಡು, ಅವುಗಳಿಗಾಗಿ ಮತ್ತಷ್ಟು ಬಗೆಯ ವಿಷ ಹುಡುಕಬೇಕಾಯಿತು ಎಂಬುದನ್ನೂ ಒಪ್ಪಬೇಕು.

ಪ್ರಶ್ನೆ: ಎರಡು ಏಕರೆ ಗದ್ದೆ ಪಾಳು ಬಿದ್ದಿದೆ. ನಾಟಿಗೆ ಆಳು ಸಿಗುವುದಿಲ್ಲ. ಸೋಯಾ ಹಾಕಬಹುದೆ?
— ಕೃಷಿಕರು, ನಾಪೋಕ್ಲು

ಉತ್ತರ: ಹಾಕಬೇಡಿ. ನೀರು ನಿಂತ ಮಣ್ಣಿನಲ್ಲಿ ಸೋಯಾ ಬೇರು ಉಸಿರಾಡಲಾರದು. ನಾಪೋಕ್ಲಿನ ಆಷಾಢ ಮಳೆಯನ್ನು ಅದು ತಡೆದುಕೊಳ್ಳುವ ಮಾತೇ ಇಲ್ಲ, ತಡೆದರೂ ಕೊಯ್ಲಿನ ಹೊತ್ತಿಗೆ ಬರುವ ಮಳೆಯಲ್ಲಿ ಕಾಯಿ ಗಿಡದಲ್ಲೇ ಕೊಳೆಯುತ್ತದೆ. ಶನಿವಾರಸಂತೆ, ಕುಶಾಲನಗರ ಕಡೆಯ ಮಳೆ ಕಡಿಮೆಯಿರುವ ಹೊಲಗಳ ಮಾತು ಬೇರೆ, ಅಲ್ಲಿಯೂ ಮೆಕ್ಕೆಜೋಳವನ್ನು ಬಿಟ್ಟು ಸೋಯಾಕ್ಕೆ ಹೋಗಲು ಮಾರುಕಟ್ಟೆ ಹತ್ತಿರದಲ್ಲಿಲ್ಲ. ಗದ್ದೆಯನ್ನು ಗದ್ದೆಯಾಗಿ ಉಳಿಸಿಕೊಂಡರೆ ಕೆಳಗಿನ ಬಾವಿಗಳಿಗೂ ತೋಡಿಗೂ ನೀರು ಉಳಿಯುತ್ತದೆ. ನಾಟಿ ಯಂತ್ರ ಬಾಡಿಗೆಗೆ ಸಿಗುವ ಬಗ್ಗೆ ಮತ್ತು ಕಡಿಮೆ ಆಳಿನ ಭತ್ತದ ಬೇಸಾಯದ ಬಗ್ಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಶುಂಠಿಗೆ ಗುತ್ತಿಗೆ ಕೊಡುವ ಯೋಚನೆಯಿದ್ದರೆ, ಒಪ್ಪುವ ಮೊದಲು ಅಲ್ಲಿ ಯಾವ ಯಾವ ಔಷಧ ಹೊಡೆಯುತ್ತಾರೆಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಅಮೆಜಾನಿನಲ್ಲಿ ಕಾಡು ಕಡಿದು ಬೆಳೆದ ಸೋಯಾವನ್ನು ಕೊಳ್ಳುವುದಿಲ್ಲವೆಂದು ವ್ಯಾಪಾರಿಗಳೇ ಒಪ್ಪಂದ ಮಾಡಿಕೊಂಡಿದ್ದರಂತೆ. ಈಗ ಅದೂ ಅಲುಗಾಡುತ್ತಿದೆ ಎಂಬ ಸುದ್ದಿ ಇದೆ. ಇಂಥ ಸ್ವಯಂಪ್ರೇರಿತ ಒಪ್ಪಂದಗಳಿಂದ ಪ್ರಯೋಜನವೇನಾದರೂ ಆಗಿದೆಯೆ?
— ನಿವೃತ್ತ ಅಧ್ಯಾಪಕರು, ವಿರಾಜಪೇಟೆ

ಉತ್ತರ: ಆಗಿದೆ, ಅದೂ ಅಳತೆಗೆ ಸಿಗುವಷ್ಟು. 2006ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯ ವರದಿಯೊಂದು ಅಮೆಜಾನಿನ ಸೋಯಾಕ್ಕೂ ಯೂರೋಪಿನ ಕೋಳಿ ಮಾಂಸಕ್ಕೂ ಇರುವ ನಂಟನ್ನು ಬಯಲು ಮಾಡಿದಾಗ, ದೊಡ್ಡ ಗಿರಾಕಿಗಳು ವ್ಯಾಪಾರಿಗಳ ಮೇಲೆ ಒತ್ತಡ ಹಾಕಿದರು. ಅದೇ ವರ್ಷದ ಜುಲೈನಲ್ಲಿ ಬ್ರೆಜಿಲ್‌ನ ಎಣ್ಣೆಕಾಳು ಕಾರ್ಖಾನೆಗಳ ಮತ್ತು ಧಾನ್ಯ ರಫ್ತುದಾರರ ಸಂಘಗಳು ಹೊಸದಾಗಿ ಕಾಡು ಕಡಿದ ಜಮೀನಿನ ಸೋಯಾವನ್ನು ಕೊಳ್ಳುವುದಿಲ್ಲವೆಂದು ಘೋಷಿಸಿದವು. ಮೊದಲು ಎರಡು ವರ್ಷಕ್ಕೆಂದು ಮಾಡಿದ ಒಪ್ಪಂದ ಮತ್ತೆ ಮತ್ತೆ ಮುಂದುವರಿದು 2016ರಲ್ಲಿ ಅನಿರ್ದಿಷ್ಟ ಕಾಲಕ್ಕೆ ವಿಸ್ತರಣೆಯಾಯಿತು. ಯಾವಾಗಿನಿಂದ ಕಡಿದದ್ದನ್ನು ಹೊಸ ಕಡಿತವೆಂದು ಎಣಿಸಬೇಕು ಎಂಬುದಕ್ಕೆ ಕೊನೆಗೆ 2008ರ ಜುಲೈ ತಿಂಗಳನ್ನು ಗಡುವಾಗಿ ಇಟ್ಟುಕೊಳ್ಳಲಾಯಿತು. ಒಪ್ಪಂದಕ್ಕೆ ಮೊದಲು ಅಮೆಜಾನ್ ವಲಯದಲ್ಲಿ ಸೋಯಾ ವಿಸ್ತರಿಸಿದ ನೆಲದಲ್ಲಿ ನೂರಕ್ಕೆ ಸುಮಾರು ಮೂವತ್ತು ಪಾಲು ನೇರವಾಗಿ ಕಾಡು ಕಡಿದದ್ದಾಗಿತ್ತು. 2014ರ ಹೊತ್ತಿಗೆ ಅದು ಒಂದರ ಆಸುಪಾಸಿಗೆ ಇಳಿದಿತ್ತು. ಸೋಯಾ ಬೆಳೆ ಮಾತ್ರ ಕುಗ್ಗಲಿಲ್ಲ, ಹಿಂದೆಯೇ ಕಡಿದು ಹುಲ್ಲುಗಾವಲು ಮಾಡಿದ್ದ ಜಮೀನುಗಳಲ್ಲಿ ಅದು ಬೆಳೆಯುತ್ತಲೇ ಹೋಯಿತು.

ಆದರೆ ಒಪ್ಪಂದದ ಬೇಲಿ ಅಮೆಜಾನ್ ವಲಯಕ್ಕೆ ಮಾತ್ರ ಇತ್ತು. ಪಕ್ಕದ ಸೆರಾಡೊದಲ್ಲಿ ಕಡಿತ ಮುಂದುವರಿಯಿತು, ಹೆಚ್ಚಿನ ಕಡೆ ಕಾನೂನುಬದ್ಧವಾಗಿಯೇ. ಬ್ರೆಜಿಲ್‌ನ ಅರಣ್ಯ ಸಂಹಿತೆಯ ಪ್ರಕಾರ ಅಮೆಜಾನ್ ಕಾಡಿನ ಸೀಮೆಯಲ್ಲಿ ಜಮೀನಿನ ಮಾಲೀಕನು ನೂರಕ್ಕೆ 80 ಭಾಗವನ್ನು ಸಹಜ ಸಸ್ಯರಾಶಿಯಾಗಿ ಉಳಿಸಬೇಕು. ಸೆರಾಡೊದ ಬಹುಭಾಗದಲ್ಲಿ 20 ಭಾಗ ಉಳಿಸಿದರೆ ಸಾಕು. ಇನ್ನೊಂದು ಸೋರಿಕೆ ಹೀಗೆ: ಹಳೆಯ ಹುಲ್ಲುಗಾವಲನ್ನು ಸೋಯಾ ಬೆಳೆಗಾರ ಒಳ್ಳೆಯ ಬೆಲೆಗೆ ಕೊಳ್ಳುತ್ತಾನೆ, ಮಾರಿದ ದನದ ಸಾಹುಕಾರ ಆ ಹಣದಲ್ಲಿ ಮತ್ತಷ್ಟು ಒಳಗೆ ಹೋಗಿ ಅಗ್ಗದ ಕಾಡನ್ನು ಕೊಂಡು ಕಡಿಯುತ್ತಾನೆ. ಸೋಯಾದ ಕಡತ ಶುಭ್ರವಾಗಿಯೇ ಇರುತ್ತದೆ.

ಅಲುಗಾಟದ ಸುದ್ದಿಯೂ ನಿಜ. ಸೋಯಾ ಹೆಚ್ಚು ಬೆಳೆಯುವ ಮಾಟೊ ಗ್ರೊಸ್ಸೊ ರಾಜ್ಯವು ಇಂಥ ಒಪ್ಪಂದಗಳಿಗೆ ಸೇರಿದ ಕಂಪನಿಗಳ ತೆರಿಗೆ ರಿಯಾಯಿತಿಯನ್ನು ಹಿಂದಕ್ಕೆ ಪಡೆಯುವ ಕಾನೂನನ್ನು 2024ರಲ್ಲಿ ಮಾಡಿತು. 2025ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆಯು ವ್ಯಾಪಾರಿಗಳು ಒಟ್ಟಾಗಿ ಹೀಗೆ ಕೊಳ್ಳದಿರುವುದು ಕೂಟ ಕಟ್ಟಿದಂತೆ ಎಂದು ಭಾವಿಸಿ ಒಪ್ಪಂದವನ್ನು ಅಮಾನತಿನಲ್ಲಿಡಲು ಆದೇಶಿಸಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಒಳ್ಳೆಯ ಗಿರಾಕಿಯ ಒತ್ತಡ ಇರುವವರೆಗೆ ಮಾತ್ರ ಇಂಥ ಒಪ್ಪಂದ ನಿಲ್ಲುತ್ತದೆ. ಭಾರತದ ಆಮದುದಾರರು ಅಂಥ ಒತ್ತಡವನ್ನು ಈವರೆಗೆ ಹಾಕಿದವರಲ್ಲ. ನಮಗೆ ಬೆಲೆಯೊಂದೇ ಮುಖ್ಯವಾಗಿದೆ, ಇದನ್ನು ಹೇಳದೆ ಯೂರೋಪನ್ನೋ ಚೀನಾವನ್ನೋ ದೂರುವುದು ಸರಿಯಾಗದು.

ಪ್ರಶ್ನೆ: ನಮ್ಮದು ಎಂಟು ಏಕರೆ ಕಾಫಿ ತೋಟ, ಮರದ ನೆರಳಿನಲ್ಲಿ ಅಜ್ಜನ ಕಾಲದಿಂದ ಬೆಳೆಯುತ್ತಿದ್ದೇವೆ. ಯೂರೋಪಿಗೆ ಕಳಿಸಬೇಕಾದರೆ ತೋಟದ ಜಾಗದ ಗುರುತು ಕೊಡಬೇಕೆಂದು ವ್ಯಾಪಾರಿ ಹೇಳುತ್ತಿದ್ದಾರೆ. ಕಾಡು ಕಡಿದವರು ಬ್ರೆಜಿಲ್‌ನ ಸೋಯಾ ಕಂಪನಿಗಳು, ದಾಖಲೆ ಕೊಡಬೇಕಾದವರು ನಾವು. ಇದು ಯಾವ ನ್ಯಾಯ?
— ಕಾಫಿ ಬೆಳೆಗಾರರು, ಗೋಣಿಕೊಪ್ಪಲು

ಉತ್ತರ: ನಿಮ್ಮ ದೂರಿನಲ್ಲಿ ಅರ್ಧ ನ್ಯಾಯವಿದೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ದನ, ಕೊಕ್ಕೊ, ಕಾಫಿ, ತಾಳೆ, ರಬ್ಬರ್, ಸೋಯಾ, ಮರ ಎಂಬ ಏಳು ಸರಕುಗಳಿಗೆ ಒಂದೇ ಅಳತೆಗೋಲು ಹಿಡಿಯುತ್ತದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಾಗಿರಬಾರದು, ಬೆಳೆದ ದೇಶದ ಕಾನೂನಿಗೆ ಒಳಪಟ್ಟಿರಬೇಕು, ಬೆಳೆದ ಜಾಗದ ಗುರುತು ಇರಬೇಕು. ಸೋಯಾ ವ್ಯಾಪಾರ ಬೆರಳೆಣಿಕೆಯ ಬಹುರಾಷ್ಟ್ರೀಯ ಕಂಪನಿಗಳ ಕೈಯಲ್ಲಿದೆ. ಉಪಗ್ರಹ ಚಿತ್ರ ನೋಡಿ ಲೆಕ್ಕ ಇಡುವ ಸಿಬ್ಬಂದಿಯನ್ನು ಅವು ಸುಲಭವಾಗಿ ನೇಮಿಸಿಕೊಳ್ಳಬಲ್ಲವು. ಭಾರತದ ಕಾಫಿ ಬೆಳೆಗಾರರಲ್ಲಿ ಬಹುಪಾಲು ನಿಮ್ಮಂಥ ಸಣ್ಣ ಹಿಡುವಳಿದಾರರು. ಹೊರೆ ಒಂದೇ ಆದರೂ ಹೊರುವ ಹೆಗಲು ಒಂದೇ ಅಲ್ಲ. ಇದಕ್ಕಿಂತ ದೊಡ್ಡ ವಿಪರ್ಯಾಸವೆಂದರೆ, ಐದು ಮೀಟರ್ ಎತ್ತರದ ಮರ, ನೂರಕ್ಕೆ ಹತ್ತಕ್ಕಿಂತ ಹೆಚ್ಚು ನೆರಳಿನ ಹರವು ಎಂಬ ವ್ಯಾಖ್ಯೆಗೆ ಸೆರಾಡೊದ ಬಹಳಷ್ಟು ನೆಲ ಕಾಡೆಂದೇ ಲೆಕ್ಕಕ್ಕೆ ಬರುವುದಿಲ್ಲ. ಸೋಯಾದ ಕೊಡಲಿ ಇಂದು ಹೆಚ್ಚು ಬೀಳುತ್ತಿರುವ ಕಡೆಯೇ ಈ ಕಾನೂನಿನ ಹಿಡಿತ ಸಡಿಲ.

ಉಳಿದರ್ಧದ ಮಾತು: ಜಾಗದ ಗುರುತು ಕೇಳುವುದು ತಪ್ಪಲ್ಲ. ಸೋಯಾದಲ್ಲಿ ಕಾಡಿನ ಕಳಂಕ ಮುಚ್ಚಿಹೋಗುವುದೇ ಬೆರಕೆಯಿಂದ. ನೂರಾರು ಹೊಲಗಳ ಕಾಳು ಒಂದು ಕಣಜದಲ್ಲಿ ಸೇರಿದ ಮೇಲೆ ಅದರ ಹುಟ್ಟೂರು ಹೇಳುವವರಿಲ್ಲ. ಪ್ರಮಾಣಪತ್ರ ಪಡೆದ ಸೋಯಾದಲ್ಲಿಯೂ ಬಹಳಷ್ಟು, ಇಷ್ಟು ಟನ್ ಒಳ್ಳೆಯ ಕಾಳು ಒಳಗೆ ಬಂದಿದೆ, ಅಷ್ಟೇ ಟನ್ ಹೊರಗೆ ಮಾರಿದ್ದೇವೆ ಎಂಬ ಪುಸ್ತಕದ ಲೆಕ್ಕ ಮಾತ್ರ. ಹೊಸ ಕಾನೂನು ಈ ಬಗೆಯ ಲೆಕ್ಕವನ್ನು ಒಪ್ಪುವುದಿಲ್ಲ. ಒಂದು ತುಂಡು ಜಮೀನಿಗೆ ದಾಖಲೆಯಿಲ್ಲದೆ ಅದರ ಫಸಲು ಬೆರೆತರೂ ಇಡೀ ಸರಕು ನಿಲ್ಲುತ್ತದೆ. ನಿಮ್ಮ ವ್ಯಾಪಾರಿಯ ಗೋದಾಮಿನಲ್ಲಿ ಹತ್ತು ತೋಟದ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಒಂದಾಗುವುದರಿಂದ ಅವರ ಆತಂಕಕ್ಕೂ ಅರ್ಥವಿದೆ.

ನಿಮಗೆ ಅನುಕೂಲವಾದ ಅಂಶಗಳೂ ಇವೆ. ಕಾಫಿ ಮುಖ್ಯ ಬೆಳೆಯಾಗಿರುವ ನೆರಳಿನ ತೋಟವು ಆ ಕಾನೂನಿನ ವ್ಯಾಖ್ಯೆಯಲ್ಲಿ ಕೃಷಿಭೂಮಿಯೇ ಹೊರತು ಕಾಡಲ್ಲ. 2025ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ಪ್ರಕಟಿಸಿದ ವರ್ಗೀಕರಣದಲ್ಲಿ ಭಾರತವು ಕಡಿಮೆ ಅಪಾಯದ ದೇಶಗಳ ಸಾಲಿನಲ್ಲಿದೆ, ಬ್ರೆಜಿಲ್ ಸಾಧಾರಣ ಅಪಾಯದ ಸಾಲಿನಲ್ಲಿದೆ; ಹೀಗಾಗಿ ತಪಾಸಣೆ ನಮಗೆ ಕಡಿಮೆ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಏಕರೆಯವರೆಗಿನ ತುಂಡಿಗೆ ಗಡಿಯ ನಕ್ಷೆ ಬೇಡ, ಒಂದು ಬಿಂದುವಿನ ಅಕ್ಷಾಂಶ ರೇಖಾಂಶ ಸಾಕು. ನಿಮ್ಮ ಎಂಟು ಏಕರೆ ಇದರೊಳಗೇ ಬರುತ್ತದೆ. ಕಾನೂನು ಜಾರಿಗೆ ಬಂದಿದ್ದರೂ ಅದರ ಪಾಲನೆ ಕಡ್ಡಾಯವಾಗುವ ದಿನಾಂಕವನ್ನು ಎರಡು ಸಲ ಮುಂದೂಡಿ, ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದು ನಿಗದಿ ಮಾಡಲಾಗಿದೆ. ಮೊದಲೇ ಸಿದ್ಧರಾದವರಿಗೆ ಈ ಮುಂದೂಡಿಕೆ ದಂಡ ಹಾಕಿದಂತೆ ಎಂಬುದು ಬೇರೆ ಮಾತು.

ನೀವು ಈಗಲೇ ಮಾಡಬೇಕಾದದ್ದು ಇಷ್ಟು. ಕಾಫಿ ಮಂಡಳಿಯ ಸಂಪರ್ಕಾಧಿಕಾರಿಯ ಕಚೇರಿಗೆ ಹೋಗಿ ತೋಟದ ಸ್ಥಳದೊಂದಿಗೆ ಹೆಸರು ನೋಂದಾಯಿಸಿಕೊಳ್ಳಿ. ಪಹಣಿಯನ್ನು ತೆಗೆಸಿ ನೋಡಿ. ಜಮ್ಮಾ ಜಾಗವಾಗಿದ್ದು (ಕೊಡಗಿನಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ತೀರಿಹೋದ ಹಿರಿಯ ಪಟ್ಟೆದಾರರ ಹೆಸರೇ ಇನ್ನೂ ಇದ್ದರೆ, ಕುಟುಂಬದವರೆಲ್ಲ ಕುಳಿತು ಅನುಭವದ ಪಾಲಿನ ಬಗ್ಗೆ ಒಂದು ಲಿಖಿತ ತಿಳಿವಳಿಕೆಗೆ ಬಂದು ಪೌತಿ ಖಾತೆಯ ಕೆಲಸ ಆರಂಭಿಸಿ, ಏಕೆಂದರೆ ಕಾನೂನು ಕೇಳುವ ಸಂಗತಿಗಳಲ್ಲಿ ಜಮೀನಿನ ಹಕ್ಕೂ ಒಂದು. ನೆರಳಿನ ಮರಗಳನ್ನು ಕಪಾತು ಮಾಡಿದ ಮೇಲೆ ಉಪಗ್ರಹದ ಕಣ್ಣಿಗೆ ತೋಟ ಬೋಳಾದಂತೆ ಕಾಣಬಹುದು. ಆದ್ದರಿಂದ ಪ್ರತಿ ವರ್ಷ ಕಪಾತಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಒಂದೇ ಜಾಗದಲ್ಲಿ ನಿಂತು ದಿನಾಂಕ ಮತ್ತು ಸ್ಥಳ ದಾಖಲಾಗುವಂತೆ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಆಮದುದಾರರು ದಾಖಲೆಗಳನ್ನು ಐದು ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ ನೀವೂ ಅವನ್ನು ಅಷ್ಟು ಕಾಲ ಅಳಿಸಬೇಡಿ, ಮಾರಿದ ಚೆರಿಯ ರಸೀದಿಗಳನ್ನೂ ಅದೇ ಕಡತದಲ್ಲಿ ಸೇರಿಸಿಡಿ.